ಮನೆಯಲ್ಲಿದ್ದುಕೊಂಡೇ ಪರಿಗ್ರಹ ಪರಿಮಾಣ ವ್ರತ ಹಿಡಿಯುವುದು ಹೇಗೆ

ಅಮ್ಮನ ಹತ್ತಿರ ಹಸಿರು ರಟ್ಟಿನ ಒಂದು ನೋಟ್ ಪುಸ್ತಕ ಇತ್ತು. ಮೊದಲ ಪುಟದಲ್ಲಿ ಹೀಗೆ ಬರೆದಿತ್ತು: ಸೀರೆ 20. ಬಂಗಾರ 24 ಪವನು. ಹಸು 4. ಹಿತ್ತಾಳೆ ಪಾತ್ರೆ ಈಗ ಇರುವಷ್ಟೇ. ಪವನು ಎಂದರೆ ಎಂಟು ಗ್ರಾಂ. ಕೆಳಗೆ ತಾರೀಕು, ಸಹಿ. ಚಿಕ್ಕವಳಿದ್ದಾಗ ನಾನು ಅದನ್ನು ಮನೆ ಸಾಮಾನಿನ ಪಟ್ಟಿ ಅಂದುಕೊಂಡಿದ್ದೆ. ಅದು ಅಮ್ಮನ ವ್ರತ ಎಂದು ತಿಳಿದದ್ದು ನನ್ನ ಮದುವೆಯ ಹೊತ್ತಿಗೆ. ಯಾರೋ ಅವರಿಗೆ ಉಡುಗೊರೆ ಸೀರೆ ಕೊಟ್ಟರು. ಆ ರಾತ್ರಿಯೇ ಅಮ್ಮ ಬೀರು ತೆಗೆದು, ತಮ್ಮ ಇನ್ನೊಂದು ಒಳ್ಳೆಯ ಸೀರೆಯನ್ನು ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಎಂದು ಮಡಚಿಟ್ಟರು.

ನಾವು ಕಾರ್ಕಳ ತಾಲೂಕಿನ ಜೈನರು. ಅಡಿಕೆ ತೋಟ ಇದೆ. ನಮ್ಮಲ್ಲಿ ಅಳಿಯಸಂತಾನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ. ಹಾಗಾಗಿ ತೋಟ ಬಂದದ್ದು ಅಮ್ಮನಿಂದ. ತೋಟದ ಜೊತೆ ಆ ಪುಸ್ತಕವೂ ಬಂತು. ನಾನು ವ್ರತ ಹಿಡಿದು ಈಗ 11 ವರ್ಷ. ಸಂಬಂಧದ ಹುಡುಗ ಹುಡುಗಿಯರು ಬೆಂಗಳೂರಿನಿಂದ ಬಂದಾಗ ಕೇಳುತ್ತಾರೆ: "ಇಎಂಐ ಕಟ್ಟಿಕೊಂಡು ಧರ್ಮ ಮಾಡುವುದು ಹೇಗೆ ಚಿಕ್ಕಮ್ಮ? ಎಲ್ಲ ಬಿಟ್ಟು ಹೋದರೆ ಮಾತ್ರ ಆಗುವುದಲ್ವಾ?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಬಿಡುವುದು ಮುನಿಗಳ ಮಹಾವ್ರತ. ಮನೆಯಲ್ಲಿ ಇರುವವರಿಗೆ ಐದು ಅಣುವ್ರತಗಳಿವೆ. ಅಂದರೆ ಚಿಕ್ಕ ವ್ರತಗಳು. ಐದನೆಯದೇ ಪರಿಗ್ರಹ ಪರಿಮಾಣ, ನನ್ನದೆಂದು ಇಟ್ಟುಕೊಳ್ಳುವುದಕ್ಕೆ ಒಂದು ಅಳತೆ. ಇಷ್ಟರವರೆಗೆ ನನ್ನದು, ಇದರ ಮೇಲೆ ಬೇಡ ಎಂದು ಗೆರೆ ಎಳೆಯುವುದು. ಇದು ಕಡಿಮೆ ದರ್ಜೆಯ ಧರ್ಮ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶ್ರವಣಬೆಳಗೊಳದ ಗೊಮ್ಮಟನನ್ನು 981ರಲ್ಲಿ ನಿಲ್ಲಿಸಿದ ಚಾವುಂಡರಾಯ ಗಂಗರ ಮಂತ್ರಿ, ಸೇನಾಪತಿ. ನಮ್ಮ ಕಾರ್ಕಳದ ಬಾಹುಬಲಿಯನ್ನು 1432ರಲ್ಲಿ ಮಾಡಿಸಿದ ವೀರಪಾಂಡ್ಯ ಒಬ್ಬ ಅರಸ. ಗೆದ್ದ ರಾಜ್ಯವನ್ನು ಬಿಟ್ಟು ನಿಂತವನ ಮೂರ್ತಿಯನ್ನು, ರಾಜ್ಯದ ಭಾರ ಹೊತ್ತವರೇ ಮಾಡಿಸಿದರು. ಆ ಬೆಟ್ಟ ಹತ್ತುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಶುರು ಮಾಡುವ ಮುಂಚೆ

ನಮ್ಮ ದೊಡ್ಡ ಹಬ್ಬವಾದ ದಶಲಕ್ಷಣ ಪರ್ವದ ಹತ್ತು ದಿನ ಬಸದಿಯಲ್ಲಿ ನಮ್ಮ ಮುಖ್ಯ ಶಾಸ್ತ್ರ ತತ್ತ್ವಾರ್ಥ ಸೂತ್ರ ಓದುತ್ತಾರಲ್ಲ, ದಿನಕ್ಕೊಂದು ಅಧ್ಯಾಯ. ಏಳನೇ ದಿನ ಗಮನ ಕೊಟ್ಟು ಕೇಳಿ. "ಮೂರ್ಛಾ ಪರಿಗ್ರಹಃ" ಎಂದು ಬರುತ್ತದೆ. ಎರಡೇ ಶಬ್ದ. ವಸ್ತು ಪರಿಗ್ರಹ ಅಂತ ಅಲ್ಲಿ ಹೇಳಿಲ್ಲ. ವಸ್ತುವಿನ ಮೇಲೆ ಎಚ್ಚರ ತಪ್ಪಿ ಬೀಳುವುದು ಪರಿಗ್ರಹ. ಹಾಗಾದರೆ ವಸ್ತುವನ್ನು ಎಣಿಸುವುದು ಯಾಕೆ ಎಂದು ಕೇಳಬಹುದು. ಆಸೆಯನ್ನು ಎಣಿಸಲು ಬರುವುದಿಲ್ಲ, ಪವನನ್ನು ಎಣಿಸಬಹುದು. ಅದಕ್ಕೇ ಈ ವ್ರತಕ್ಕೆ ಇಚ್ಛಾಪರಿಮಾಣ ಎಂದು ಇನ್ನೊಂದು ಹೆಸರಿದೆ. ಎಣಿಕೆ ಹೊರಗೆ ನಡೆಯುತ್ತದೆ, ಅಳತೆ ಒಳಗಿನದು.

ಮೊದಲ ಸಲ ಜೀವನಪೂರ್ತಿಗೆ ಹಿಡಿಯಬೇಡಿ. ಸಾಯುವವರೆಗಿನ ವ್ರತಕ್ಕೆ ಯಮ ಅನ್ನುತ್ತಾರೆ. ಇಂತಿಷ್ಟು ಕಾಲಕ್ಕೆ ಹಿಡಿದದ್ದು ನಿಯಮ. ಒಂದು ವರ್ಷದ ನಿಯಮದಿಂದ ಶುರು ಮಾಡಿ. ಪರ್ವದ ಒಂಬತ್ತನೇ ದಿನ ಉತ್ತಮ ಆಕಿಂಚನ್ಯ. ನನ್ನದು ಏನೂ ಇಲ್ಲ ಎಂಬ ಭಾವನೆಯ ದಿನ ಅದು. ನಾನು ಆ ದಿನದಿಂದ ಮುಂದಿನ ವರ್ಷದ ಅದೇ ದಿನದವರೆಗೆ ಹಿಡಿಯುತ್ತೇನೆ.

ಪಟ್ಟಿ

ನಮ್ಮ ಶಾಸ್ತ್ರದಲ್ಲಿ ಹೊರಗಿನ ಪರಿಗ್ರಹ ಹತ್ತು: ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಆಳು ಗಂಡು, ಆಳು ಹೆಣ್ಣು, ಬಟ್ಟೆ, ಪಾತ್ರೆ. ಪುಸ್ತಕದಲ್ಲಿ ಹತ್ತು ಪುಟ ಬಿಡಿ. ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ. ನೆನಪಿನಿಂದ ಬರೆಯಬೇಡಿ. ಬೀರು ತೆಗೆಯಿರಿ, ಅಟ್ಟ ಹತ್ತಿ, ಮುಟ್ಟಿ ಎಣಿಸಿ. ನಾನು 30 ಸೀರೆ ಇರಬಹುದು ಅಂದುಕೊಂಡಿದ್ದೆ. ಇದ್ದದ್ದು 71. ಆ ದಿನ ಮಂಚದ ಮೇಲೆ ಅವನ್ನೆಲ್ಲ ರಾಶಿ ಹಾಕಿ ಕುಳಿತಾಗ ಆದ ಸಂಕಟವೇ ನನ್ನ ನಿಜವಾದ ವ್ರತದ ಶುರು ಎನ್ನಬೇಕು.

ಹಳೆಯ ಪಟ್ಟಿಗೆ ಈಗಿನದ್ದನ್ನು ಸೇರಿಸಬೇಕು. ಬ್ಯಾಂಕ್ ಠೇವಣಿ, ಮ್ಯೂಚುವಲ್ ಫಂಡ್, ಷೇರು ಇದ್ದರೆ ಬೆಳ್ಳಿಯ ಪುಟದಲ್ಲಿ ಬರೆಯಿರಿ. ಗಾಡಿ, ಫೋನು ಪಾತ್ರೆಯ ಪುಟದಲ್ಲಿ. ಆಳುಗಳ ಪುಟವನ್ನು ಮಾತ್ರ ನಾನು ಬೇರೆ ರೀತಿ ಇಟ್ಟಿದ್ದೇನೆ. ಮನುಷ್ಯರು ನನ್ನ ಆಸ್ತಿಯಲ್ಲ. ಅಲ್ಲಿ ಯಾರಿಗೆ ಎಷ್ಟು ಕೂಲಿ ಬಾಕಿ ಇದೆ ಎಂದು ಬರೆಯುತ್ತೇನೆ. ಅದರ ಪರಿಮಾಣ ಸೊನ್ನೆ. ಶನಿವಾರ ಸಂಜೆಗೆ ಸೊನ್ನೆ ಆಗಲೇಬೇಕು.

ನಿಮ್ಮ ಪಾಲಿನದ್ದನ್ನು ಮಾತ್ರ ಬರೆಯಿರಿ. ಗಂಡನ ದುಡ್ಡು, ಮಗಳ ಬಂಗಾರ ನಿಮ್ಮ ಪಟ್ಟಿಗೆ ಬೇಡ. ನಮ್ಮ ವ್ರತದಿಂದ ಇನ್ನೊಬ್ಬರನ್ನು ಕಟ್ಟಿಹಾಕಿದರೆ ಅದೂ ಒಂದು ಹಿಂಸೆ.

ಗೆರೆ ಎಲ್ಲಿ ಎಳೆಯುವುದು

ಜಾಸ್ತಿ ಜನ ತಪ್ಪುವುದು ಇಲ್ಲಿ. ಕೆಲವರು ಐದು ಕೋಟಿ ಎಂದು ಬರೆದು ಸುಮ್ನೆ ಇರುತ್ತಾರೆ. ಆ ಗೆರೆಯನ್ನು ಅವರು ಬದುಕಿನಲ್ಲಿ ಮುಟ್ಟುವುದೇ ಇಲ್ಲ. ಇನ್ನು ಕೆಲವರು ಭಾವುಕರಾಗಿ ಮೂರು ಜೊತೆ ಬಟ್ಟೆ ಎಂದು ಬರೆದು, ಎರಡನೇ ತಿಂಗಳಲ್ಲಿ ಮುರಿಯುತ್ತಾರೆ. ಗೆರೆ ನಿಮಗೆ ಈ ವರ್ಷವೇ ತಾಗಬೇಕು, ಆದರೆ ಮನೆಯ ಹೊಟ್ಟೆಗೆ ತಾಗಬಾರದು.

ಬಂಗಾರವನ್ನು ತೂಕದಲ್ಲಿ ಬರೆಯಿರಿ, ಬೆಲೆಯಲ್ಲಿ ಬೇಡ. ದುಡ್ಡನ್ನು ರೂಪಾಯಿಯಲ್ಲಿ ಬರೆದರೆ ನಾಲ್ಕು ವರ್ಷದಲ್ಲಿ ಆ ಸಂಖ್ಯೆಗೆ ಅರ್ಥ ಇರುವುದಿಲ್ಲ. ನಾನು "ಮನೆ ಮತ್ತು ತೋಟದ ಎರಡು ವರ್ಷದ ಖರ್ಚು" ಎಂದು ಬರೆಯುತ್ತೇನೆ. ಅಡಿಕೆಗೆ ಕೊಳೆರೋಗ ಬಂದು ಒಂದು ಫಸಲು ಪೂರ್ತಿ ಹೋದರೂ ಅಷ್ಟಿದ್ದರೆ ಕೈ ಚಾಚಬೇಕಾಗಿಲ್ಲ. ಮಕ್ಕಳ ಓದು, ವಯಸ್ಸಾದವರ ಔಷಧಿ ಇದ್ದರೆ ಅದಕ್ಕೆ ಬೇರೆ ಸಾಲು ಇಡಿ. ಭಯಕ್ಕೂ ಸ್ವಲ್ಪ ಜಾಗ ಕೊಡಿ. ಮೊದಲ ವರ್ಷ ಭಯಕ್ಕೆ ಜಾಗ ಕೊಡದವರು ವ್ರತ ಉಳಿಸಿಕೊಂಡದ್ದನ್ನು ನಾನು ನೋಡಿಲ್ಲ.

ಬರೆದಾದ ಮೇಲೆ ಬಸದಿಗೆ ಹೋಗಿ. ಮುನಿಗಳು, ಆರ್ಯಿಕೆಯರು (ಸನ್ಯಾಸಿನಿಯರು) ಅಥವಾ ಮಠದ ಮುಖ್ಯಸ್ಥರಾದ ಭಟ್ಟಾರಕರು ಸಿಕ್ಕರೆ ಅವರ ಎದುರು ಪಟ್ಟಿ ಓದಿ ವ್ರತ ತೆಗೆದುಕೊಳ್ಳಿ. ಸಿಗದಿದ್ದರೆ ಜಿನಬಿಂಬದ ಎದುರು ನಿಂತು, ಮನಸ್ಸು, ಮಾತು, ದೇಹ ಮೂರರಿಂದ ಎಂದು ಹೇಳಿ ಹಿಡಿಯಬಹುದು. ಗಟ್ಟಿಯಾಗಿ ಓದಿ. ನಮ್ಮದೇ ಕಿವಿಗೆ ಬಿದ್ದದ್ದು ಮರೆತುಹೋಗುವುದಿಲ್ಲ.

ವ್ರತ ಸೋರುವ ಐದು ಕಡೆ

ಸಮಂತಭದ್ರಾಚಾರ್ಯರು ಗೃಹಸ್ಥರ ನಡತೆಯ ಬಗ್ಗೆ ಬರೆದ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ದೋಷಗಳನ್ನು ಹೇಳಿದ್ದಾರೆ. ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಸಂಖ್ಯೆ ಸರಿಯಾಗಿದ್ದೂ ವ್ರತ ಕೆಡುವುದು ಹೇಗೆ ಎನ್ನುವುದು ಇದರಲ್ಲಿದೆ. ಈ ಐದನ್ನು ಪುಸ್ತಕದ ಒಳರಟ್ಟಿನ ಮೇಲೆ ಬರೆದುಕೊಳ್ಳಿ.

ಅತಿವಾಹನ, ಅತಿಭಾರವಹನ ಎಂದರೆ ಲಾಭಕ್ಕಾಗಿ ಎತ್ತನ್ನು ಶಕ್ತಿ ಮೀರಿ ನಡೆಸುವುದು, ಮೀರಿ ಹೇರುವುದು. ನಮ್ಮಲ್ಲಿ ಈಗ ಎತ್ತು ಇಲ್ಲ. ಮರ ಹತ್ತುವವರು ಇದ್ದಾರೆ. ಒಂದು ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮೋಡ ಕವಿಯಿತು. "ಇನ್ನು ಹತ್ತು ಮರ ಮುಗಿಸಿಬಿಡು" ಎಂದೆ. ಒದ್ದೆ ಮರದಲ್ಲಿ ಅವನು ಜಾರಿದ. ಕಾಲಿಗೆ ಹಾಕಿದ ತಳೆಬಳ್ಳಿ ಹಿಡಿಯಿತು, ಬೀಳಲಿಲ್ಲ. ಕೆಳಗಿಳಿದಾಗ ಅವನ ಕೈ ನಡುಗುತ್ತಿತ್ತು. ನಾನು ಅವನಲ್ಲಿ ಕ್ಷಮೆ ಕೇಳಿದೆ. ಆ ರಾತ್ರಿ ಪ್ರತಿಕ್ರಮಣದಲ್ಲಿ, ಅಂದರೆ ತಪ್ಪು ಒಪ್ಪಿಕೊಳ್ಳುವ ವಿಧಿಯಲ್ಲಿ, ಅದೊಂದನ್ನೇ ಹೇಳಿಕೊಂಡೆ. ಅಂದಿನಿಂದ ಎಷ್ಟು ಮರ ಎಂದು ಹೇಳುವುದು ಹತ್ತುವವನು, ನಾನಲ್ಲ.

ಅತಿಸಂಗ್ರಹ ಅಡಿಕೆಯವರಿಗೆ ಹೇಳಿಮಾಡಿಸಿದ ದೋಷ. ಬೆಲೆ ಬರುತ್ತದೆ ಎಂದು ಕೂಡಿಡುವುದು. ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆ ಒಂದು ವರ್ಷ ಇಟ್ಟರೆ ಹೊಸತು ಹೋಗಿ ಹಳತು ಆಗುತ್ತದೆ. ಇನ್ನೂ ಇಟ್ಟರೆ ಡಬಲ್ ಚೋಲ್ ಎಂಬ ದರ್ಜೆ. ಹಳತಿಗೆ ಸಾಮಾನ್ಯವಾಗಿ ದರ ಜಾಸ್ತಿ. ಹಾಗಾಗಿ ಕೂಡಿಡುವುದು ನಮಗೆ ಜಾಣತನ ಎಂದೇ ಕಾಣುತ್ತದೆ. ನನ್ನ ಮೊದಲ ಪಟ್ಟಿಯಲ್ಲಿ ಬಂಗಾರ ಇತ್ತು, ಜಾಗ ಇತ್ತು, ದುಡ್ಡು ಇತ್ತು. ಉಗ್ರಾಣದ ಅಡಿಕೆ ಇರಲಿಲ್ಲ. ಅದು ಬೆಳೆ, ಆಸ್ತಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎರಡು ವರ್ಷದ ಫಸಲು ಗೋಣಿಯಲ್ಲಿ ಕೂತಿತ್ತು. ಬೆಳಿಗ್ಗೆ ಸಾಮಾಯಿಕಕ್ಕೆ, ಅಂದರೆ ಧ್ಯಾನಕ್ಕೆ, ಎರಡು ಘಳಿಗೆ, ಅಂದರೆ 48 ನಿಮಿಷ ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಅಂದಿನ ಅಡಿಕೆ ಧಾರಣೆ, ಪೇಟೆಯ ದರ. ಕೊನೆಗೆ ಮಳೆಗಾಲದ ಥಂಡಿಗೆ ಕೆಳಗಿನ ಗೋಣಿಗಳಿಗೆ ಬೂಸ್ಟು ಹಿಡಿಯಿತು. ನೀವು ಯಾವ ವಸ್ತುವನ್ನು "ಇದು ಲೆಕ್ಕಕ್ಕಿಲ್ಲ" ಎಂದು ಬಿಡುತ್ತೀರೋ, ಮೊದಲು ಅದನ್ನೇ ಬರೆಯಿರಿ. ಪೇಟೆಯವರಿಗೆ ಅದು ಸೈಟು ಇರಬಹುದು, ಕಂಪನಿ ಕೊಟ್ಟ ಷೇರು ಇರಬಹುದು. ಈಗ ನನ್ನ ಧಾನ್ಯದ ಪುಟದಲ್ಲಿದೆ: ಆಕಿಂಚನ್ಯದ ದಿನ ಉಗ್ರಾಣದಲ್ಲಿ 12 ಗೋಣಿಗಿಂತ ಜಾಸ್ತಿ ಇರಬಾರದು.

ವಿಸ್ಮಯ ನನಗೆ ತುಂಬ ದಿನ ಅರ್ಥವೇ ಆಗಿರಲಿಲ್ಲ. ಬೆರಗಾಗುವುದು ಹೇಗೆ ದೋಷ? ಒಂದು ವರ್ಷ ನಿಯಮದಂತೆ ಗೋಣಿ ಮಾರಿದೆ. ಮೂರೇ ವಾರದಲ್ಲಿ ದರ ಏರಿತು. ಪಕ್ಕದ ತೋಟದವರು ಆಗ ಮಾರಿದರು. ಅವರು ಹೊಸ ಕಾರಿನಲ್ಲಿ ಬಸದಿಗೆ ಬಂದ ದಿನ ನಾನು ನಮಸ್ಕಾರ ಮಾಡುತ್ತಿದ್ದದ್ದು ಚಂದ್ರನಾಥ ತೀರ್ಥಂಕರನಿಗೆ, ನೋಡುತ್ತಿದ್ದದ್ದು ಹೊರಗಿನ ಕಾರನ್ನು. ಒಂದು ವಾರ ನಿದ್ದೆ ಬರಲಿಲ್ಲ. ನನ್ನ 12 ಗೋಣಿ ಸರಿಯಾಗಿಯೇ ಇತ್ತು. ಆದರೆ ಮಾರಿಹೋದ ಗೋಣಿಗಳನ್ನು ನಾನು ಮನಸ್ಸಿನಲ್ಲಿ ಇನ್ನೂ ಹೊತ್ತಿದ್ದೆ. ಇನ್ನೊಬ್ಬರ ಲಾಭ ಕಂಡು ಬೆಪ್ಪಾಗಿ ನಿಲ್ಲುವುದು, ನನಗೂ ಸಿಗುತ್ತಿತ್ತಲ್ಲ ಎಂದು ಕೊರಗುವುದು. ಇದೇ ವಿಸ್ಮಯ. ಇದಕ್ಕೆ ನಾನು ಮಾಡುವುದು ಇಷ್ಟು: ಮಾರಿದ ಮೇಲೆ ಮೂರು ತಿಂಗಳು ಧಾರಣೆ ನೋಡುವುದಿಲ್ಲ. ಪೇಪರಿನ ಆ ಪುಟ ತಿರುಗಿಸುವುದಿಲ್ಲ, ವಾಟ್ಸಾಪ್ ಗುಂಪನ್ನು ಮೌನಕ್ಕೆ ಹಾಕುತ್ತೇನೆ. ಷೇರು ಮಾರಿದವರೂ ಹೀಗೆ ಮಾಡಿ ನೋಡಿ.

ಲೋಭದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸಿಕ್ಕ ಮೇಲೂ ಇನ್ನಷ್ಟು ಬೇಕೆನ್ನುವುದು. ಎಲ್ಲರಿಗೂ ಗೊತ್ತು.

ಗೆರೆ ದಾಟಿದ ದಿನ

ದಾಟುತ್ತದೆ. ನೀವು ಏನೂ ಮಾಡದೆಯೂ ದಾಟುತ್ತದೆ. ದೊಡ್ಡಮ್ಮ ತೀರಿಕೊಂಡಾಗ ಐದು ಪವನಿನ ಸರ ನನಗೆ ಎಂದು ಇಟ್ಟಿದ್ದರು. ನನ್ನ ಪರಿಮಾಣ 20 ಪವನು, ಆಗ ಇದ್ದದ್ದು 19. ಬೇಡ ಎಂದರೆ ತೀರಿಕೊಂಡವರಿಗೆ ನೋವು ಅನಿಸಿತು. ತೆಗೆದುಕೊಂಡೆ. ಸರವನ್ನು ಇಟ್ಟುಕೊಂಡು, ನನ್ನ ಬಳೆಗಳಲ್ಲಿ ನಾಲ್ಕು ಪವನು ಮಾರಿದೆ.

ನನ್ನ ನಿಯಮ ಹೀಗಿದೆ. ದಾಟಿದ್ದು ಗೊತ್ತಾದ 30 ದಿನದೊಳಗೆ ಹೆಚ್ಚಿನದು ಕೈಬಿಡಬೇಕು. ಎಲ್ಲಿಗೆ ಎಂದು ಮೊದಲೇ ಪುಸ್ತಕದಲ್ಲಿ ಬರೆದಿಡಬೇಕು. ನಮ್ಮಲ್ಲಿ ದಾನ ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ನನ್ನದು ಔಷಧಕ್ಕೆ. ಬಳೆಯ ದುಡ್ಡಿನಲ್ಲಿ ಊರಿನ ಇಬ್ಬರು ಕಿಡ್ನಿ ರೋಗಿಗಳ ಔಷಧಿ ಸುಮಾರು ದಿನ ನಡೆಯಿತು. ದುಡ್ಡು ಕೈಗೆ ಬಂದ ಮೇಲೆ ಎಲ್ಲಿಗೆ ಕೊಡಲಿ ಎಂದು ಯೋಚಿಸಲು ಕೂತರೆ, ಆ ಯೋಚನೆ ಮುಗಿಯುವುದಿಲ್ಲ. ಮಕ್ಕಳ ಹೆಸರಿಗೆ ಬರೆದು ಗೆರೆಯೊಳಗೆ ಬಂದೆ ಎನ್ನಬೇಡಿ. ಹೆಸರು ಬದಲಾದರೂ ಕಪಾಟಿನ ಕೀಲಿ ನಿಮ್ಮ ಸೊಂಟದಲ್ಲೇ ಇರುತ್ತದೆ.

ಅಕ್ಷಯ ತೃತೀಯದ ದಿನ ಸ್ವಲ್ಪ ಎಚ್ಚರ. ಆ ದಿನ ಬಂಗಾರದ ಅಂಗಡಿ ಎದುರು ಸಾಲು ಇರುತ್ತದೆ, ನಮ್ಮವರೂ ನಿಲ್ಲುತ್ತಾರೆ. ನಮಗೆ ಅದು ಮೊದಲ ತೀರ್ಥಂಕರ ಆದಿನಾಥರಿಗೆ ಮುನಿಯಾದ ಮೇಲೆ ಮೊದಲ ಆಹಾರ ಸಿಕ್ಕ ದಿನ. ತಿಂಗಳುಗಟ್ಟಲೆ ಅಲೆದರೂ ಮುನಿಗೆ ಆಹಾರ ಕೊಡುವ ಕ್ರಮ ಯಾರಿಗೂ ಗೊತ್ತಿರಲಿಲ್ಲ. ಜನ ಅವರಿಗೆ ರತ್ನ ತಂದರು, ಆನೆ ಕುದುರೆ ತಂದರು. ಹಸ್ತಿನಾಪುರದಲ್ಲಿ ಅರಸುಮನೆಯ ಶ್ರೇಯಾಂಸ ಕಬ್ಬಿನ ರಸ ಕೊಟ್ಟ. ನಮ್ಮ ಮನೆಯಲ್ಲಿ ಆ ದಿನ ಬಂದವರಿಗೆಲ್ಲ ಕಬ್ಬಿನ ಹಾಲು. ಅಂಗಡಿಗೆ ಹೋಗುವುದಿಲ್ಲ.

ವ್ರತ ಮುರಿದರೆ ಪುಸ್ತಕ ಮುಚ್ಚಿಡಬೇಡಿ. ಮುರಿದದ್ದನ್ನು ತಾರೀಕು ಹಾಕಿ ಬರೆಯಿರಿ. ಗುರುಗಳ ಹತ್ತಿರ ಹೇಳಿ, ಅವರು ಕೊಟ್ಟ ಪ್ರಾಯಶ್ಚಿತ್ತ ಮಾಡಿ, ಮುಂದಿನ ಸಾಲಿನಿಂದ ಮತ್ತೆ ಶುರು ಮಾಡಿ. ಅಮ್ಮನ ಪುಸ್ತಕದಲ್ಲಿ ಅಂಥ ಏಳು ಸಾಲುಗಳಿವೆ. ಅವರ ಸೀರೆ 20ರಿಂದ ಶುರುವಾಗಿ ಕೊನೆಯ ಪುಟದಲ್ಲಿ 6ಕ್ಕೆ ಬಂದಿತ್ತು. ಬಂಗಾರದ ಎದುರು "ಕರಿಮಣಿ ಮಾತ್ರ" ಎಂದಿದೆ. ನನ್ನ ಸೀರೆ ಈಗ 71ರಿಂದ 25ಕ್ಕೆ ಬಂದಿದೆ.

ಈ ವರ್ಷದ ಆಕಿಂಚನ್ಯಕ್ಕೆ ಇನ್ನು ಮೂರು ವಾರ ಇದೆ. ಹೊರಗೆ ಮಳೆ ಬಿಟ್ಟಿಲ್ಲ. ನಿನ್ನೆ ಉಗ್ರಾಣಕ್ಕೆ ಹೋಗಿ ಎಣಿಸಿದೆ, 14 ಗೋಣಿ ಇದೆ. ದರ ಏರುತ್ತಿದೆ ಎಂದು ಹೇಳಿದರು. ನಾಳೆ ಬೆಳಿಗ್ಗೆ ಪಿಕಪ್ ಬರಲು ಹೇಳಿದ್ದೇನೆ, ಎರಡು ಗೋಣಿ ಪೇಟೆಗೆ.