ಜರ್ಮನ್ ರಂಗಕರ್ಮಿಗಳು ಬಳ್ಳಾರಿಗೆ ಬಂದರೆ: ಹತ್ತು ದಿನದ ಕಮ್ಮಟ ನಡೆಸುವ ಬಗೆ

ಹೊರದೇಶದ ತಂಡದ ಜೊತೆ ಕಮ್ಮಟ ಮುಗಿದ ಮೇಲೆ ನಮ್ಮ ಕಲಾವಿದರ ಅನಿಸಿಕೆ ಕೇಳಿ ನೋಡಿ. ‘ಭಾಳ ಚಲೋ ಇತ್ರಿ, ಟೈಮಿಗೆ ಸರಿಯಾಗಿ ಬರ್ತಾರ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಇಷ್ಟೇ ಉಳಿಯುವುದಾದರೆ ವಿಮಾನದ ಖರ್ಚು ದಂಡ. ತಪ್ಪು ಕಲಾವಿದರದ್ದಲ್ಲ. ಹೇಳಲಿಕ್ಕೆ ಏನಾದರೂ ಸಿಗುವ ಹಾಗೆ ಕಮ್ಮಟವನ್ನೇ ಕಟ್ಟಿರುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ತಂಡವೊಂದು ಆರು ಮಂದಿ ಅತಿಥಿಗಳನ್ನು ಕರೆಸಿ, ತನ್ನ ಹತ್ತು ಕಲಾವಿದರ ಜೊತೆ ಹತ್ತು ದಿನ ಕೂಡಿಸುವುದಕ್ಕೆ ಬೇಕಾದ ತಯಾರಿ ಇಲ್ಲಿದೆ.

ತಿಂಗಳು, ಕಾಗದ, ದುಡ್ಡು

ಜರ್ಮನಿಯಲ್ಲಿ ಹೆಚ್ಚಿನ ದೊಡ್ಡ ಊರುಗಳಿಗೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸ್ವಂತ ರಂಗಮಂದಿರವಿದೆ. ಅಲ್ಲಿನ ನಟರು ಸಂಬಳದವರು. ಅವರ ರಂಗವರ್ಷ ಮಳೆಗಾಲದ ಕೊನೆಗೆ ಶುರುವಾಗಿ ಮುಂದಿನ ಜೂನ್-ಜುಲೈವರೆಗೆ ನಡೆಯುತ್ತದೆ, ಬೇಸಿಗೆಯಲ್ಲಿ ಸುಮಾರು ಆರು ವಾರ ಬಾಗಿಲು ಮುಚ್ಚಿರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ಸಿನ ಮಕ್ಕಳ ನಾಟಕ ಬೆಳಿಗ್ಗೆಯಿಂದಲೇ ಆಡುವುದರಿಂದ ಯಾರನ್ನೂ ಬಿಡುವುದಿಲ್ಲ. ನಮ್ಮಲ್ಲಿ ಮಾರ್ಚ್ ದಾಟಿದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹೀಗಾಗಿ ಎರಡೂ ಕಡೆಗೆ ಹೊಂದುವುದು ಜನವರಿ ಕೊನೆ ಮತ್ತು ಫೆಬ್ರುವರಿ. ಕೊಪ್ಪಳದಲ್ಲಿ ಮಾಡುವವರು ಗವಿಮಠದ ಜಾತ್ರೆಯ ತಿಥಿ ನೋಡಿಕೊಂಡೇ ದಿನ ಗೊತ್ತುಮಾಡಿ. ಆ ವಾರ ಲಾಡ್ಜಿನಲ್ಲಿ ಒಂದು ಕೋಣೆಯೂ ಸಿಗುವುದಿಲ್ಲ. ಮುಂದಿನ ವರ್ಷದ ನಾಟಕಗಳನ್ನು ಅವರು ತಿಂಗಳುಗಟ್ಟಲೆ ಮೊದಲೇ ಗಟ್ಟಿಮಾಡಿಕೊಳ್ಳುವುದರಿಂದ ನಿಮ್ಮ ಪತ್ರ ಒಂದು ವರ್ಷ ಮುಂಚೆ ಹೋಗಬೇಕು. ಮೊದಲ ವಿಚಾರಣೆಗೆ ಬೆಂಗಳೂರಿನ ಗೋಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಸರಿಯಾದ ಬಾಗಿಲು.

ಫೋನಿನಲ್ಲಿ ಮಾತಾಡುವಾಗ ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ಆ ವಾರದ ಮೀಟಿಂಗ್ ತಪ್ಪುವುದು ಇದೇ ಕಾರಣಕ್ಕೆ.

ಆಮಂತ್ರಣ ಪತ್ರದಲ್ಲಿ ಕಮ್ಮಟವೋ ಪ್ರದರ್ಶನವೋ, ಟಿಕೆಟ್ ಇದೆಯೋ ಇಲ್ಲವೋ, ಸಂಭಾವನೆ ಕೊಡುತ್ತೀರೋ ಇಲ್ಲವೋ ಎಂದು ಬಿಡಿಸಿ ಬರೆಯಿರಿ. ಯಾವ ವೀಸಾ ಬೇಕೆಂದು ಅತಿಥಿಗಳು ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲೇ ಕೇಳಲಿ. ‘ಟೂರಿಸ್ಟ್ ವೀಸಾ ಸಾಕು’ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ, ಅವರನ್ನು ನಂಬಬೇಡಿ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ದೊಡ್ಡ ಹೋಟೆಲಿನವರಿಗೆ ‘ಸಿ ಫಾರ್ಮ್’ ಎಂಬ ಹಳೆಯ ಹೆಸರು ಹೇಳಿದರೆ ಸಾಕು, ಸಣ್ಣ ಲಾಡ್ಜಿನವರಿಗೆ ಮೊದಲೇ ಹೇಳಿ ಲಾಗಿನ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮನೆಯಲ್ಲಿ ಇಳಿಸಿಕೊಂಡರೂ ಈ ನಿಯಮ ತಪ್ಪದು. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘದ ಖಾತೆಗೆ ವಿದೇಶಿ ದೇಣಿಗೆ ಹಾಕಿಸಿಕೊಳ್ಳುವಂತಿಲ್ಲ. ಅತಿಥಿಗಳ ಟಿಕೆಟ್ಟು, ವಿಮೆ ಅವರ ಕಡೆಯವರೇ ನೇರ ಕಟ್ಟಲಿ, ನಮ್ಮ ಕಲಾವಿದರ ಗೌರವಧನ ಇಲ್ಲೇ ಕೂಡಿಸಿ.

ಗೌರವಧನ ಅಂದೆವಲ್ಲ, ಜಗಳ ಹುಟ್ಟುವುದು ಅಲ್ಲೇ. ಜನವರಿ-ಫೆಬ್ರುವರಿಯಲ್ಲಿ ಬಿಳಿಜೋಳದ ಕೊಯ್ಲು, ಮೆಣಸಿನಕಾಯಿ ಬಿಡಿಸುವ ಕೆಲಸ ಇರುತ್ತದೆ. ಹಳ್ಳಿಯ ಬಯಲಾಟದ ಕಲಾವಿದ ಹತ್ತು ದಿನ ಬಂದರೆ ಹತ್ತು ದಿನದ ಕೂಲಿ ಬಿಟ್ಟು ಬಂದಂತೆ. ಆ ಕೂಲಿಗಿಂತ ಹೆಚ್ಚು ಕೊಡಿ, ದಿನದ ಕೊನೆಗೆ ಕೈಗೇ ಕೊಡಿ. ಅತಿಥಿಗಳಿಗೆ ಎ.ಸಿ. ಕೋಣೆ, ನಮ್ಮವರಿಗೆ ರಂಗಮಂದಿರದ ಗ್ರೀನ್‌ರೂಮಿನಲ್ಲಿ ಚಾಪೆ ಎಂಬ ಏರ್ಪಾಡು ಮಾಡಿದರೆ ಕಮ್ಮಟ ಮೊದಲ ರಾತ್ರಿಯೇ ಕೆಟ್ಟಿತು ಅಂತ ತಿಳಿಯಿರಿ. ಎಲ್ಲರಿಗೂ ಒಂದೇ ಲಾಡ್ಜ್, ಒಂದೇ ಊಟ.

ಊಟ, ನೀರು

ಅತಿಥಿಗಳಲ್ಲಿ ವೀಗನ್ ಯಾರು ಎಂದು ಮೊದಲೇ ಕೇಳಿ, ಖಾನಾವಳಿಯ ಅಕ್ಕನಿಗೆ ‘ಸಸ್ಯಾಹಾರಿ’ ಎಂದು ಮಾತ್ರ ಹೇಳಿ ಸುಮ್ಮನಾಗಬೇಡಿ. ‘ಹಾಲು, ಮೊಸರು, ಮಜ್ಜಿಗಿ, ತುಪ್ಪ ಯಾವುದೂ ಬ್ಯಾಡ’ ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ರೊಟ್ಟಿಗೆ ಬೆಣ್ಣೆ ಬಿದ್ದೇ ಬೀಳುತ್ತದೆ. ಅದಕ್ಕಿಂತ ಮುಖ್ಯ ಶೇಂಗಾ ಅಲರ್ಜಿ. ನಮ್ಮ ಕಡೆ ಚಟ್ನಿಪುಡಿ, ಎಣ್ಣೆಗಾಯಿಯ ಮಸಾಲೆ, ಮಂಡಕ್ಕಿ ಒಗ್ಗರಣೆ, ಕೊನೆಗೆ ಕರಿಯುವ ಎಣ್ಣೆ ಎಲ್ಲದರಲ್ಲೂ ಶೇಂಗಾ ಇರುತ್ತದೆ. ಅಲರ್ಜಿ ಇರುವವರೊಬ್ಬರು ಬಂದರೂ ಅವರ ಅಡಿಗೆ ಬೇರೆ ಪಾತ್ರೆಯಲ್ಲಿ, ಸೂರ್ಯಕಾಂತಿ ಎಣ್ಣೆಯಲ್ಲಿ ಆಗಬೇಕು. ಮೊದಲ ಎರಡು ದಿನ ರೊಟ್ಟಿ, ಹೆಸರುಬೇಳೆ, ಅನ್ನ ಸಾಕು, ಮಿರ್ಚಿಯ ಪರಿಚಯ ಮೂರನೇ ದಿನ ಆಗಲಿ. ಹದಿನಾರು ಮಂದಿ, ಇಬ್ಬರು ದುಭಾಷಿಗಳಿಗೆ ತಲೆಗೆ ಮೂರು ಲೀಟರ್ ಹಿಡಿದರೂ ದಿನಕ್ಕೆ 20 ಲೀಟರಿನ ಮೂರು ಕ್ಯಾನ್ ನೀರು ಬೇಕು.

ಹತ್ತು ಗಂಟೆ ಅಂದರೆ ಹತ್ತು

ಅವರ ತಾಲೀಮು ಸಾಮಾನ್ಯವಾಗಿ ಬೆಳಿಗ್ಗೆ ಹತ್ತರಿಂದ ಎರಡು, ಮತ್ತೆ ಸಂಜೆಯಿಂದ ರಾತ್ರಿ ಹತ್ತರವರೆಗೆ. ನಡುವೆ ಬಿಡುವು. ಇದು ನಮ್ಮ ಬಿಸಿಲಿಗೂ ಹೇಳಿ ಮಾಡಿಸಿದ ಹಾಗಿದೆ, ಇದನ್ನೇ ಇಟ್ಟುಕೊಳ್ಳಿ. ಹೊಲದ ಕೆಲಸ ಮುಗಿಸಿ ಬರುವವರನ್ನು ಸಂಜೆಯ ಪಾಳಿಗೆ ಹಾಕಿ. ಹತ್ತಕ್ಕೆ ತಾಲೀಮು ಅಂದರೆ ಹತ್ತಕ್ಕೆ ಮೈ ಬಿಸಿ ಮಾಡಿಕೊಂಡು ನಿಂತಿರಬೇಕು ಎಂದು ಅರ್ಥ, ಗೇಟಿನ ಹತ್ತಿರ ಬೈಕ್ ನಿಲ್ಲಿಸುವುದು ಅಂತಲ್ಲ. ಬೀಗದ ಕೈ ಇರುವವರು ಒಂಬತ್ತೂವರೆಗೆ ಬರಲಿ. ರಂಗಮಂದಿರದ ಕಾವಲುಗಾರನ ನಂಬರ್ ಇಬ್ಬರ ಹತ್ತಿರವಾದರೂ ಇರಲಿ.

ತಾಲೀಮಿಗೆ ಬಳ್ಳಾರಿಯ ರಾಘವ ಕಲಾಮಂದಿರದಂಥ ದೊಡ್ಡ ಜಾಗ ಬೇಕಿಲ್ಲ, ಅದನ್ನು ಕೊನೆಯ ಪ್ರದರ್ಶನಕ್ಕೆ ಇಡಿ. 30 ಅಡಿ ಉದ್ದಗಲದ ಒಂದು ಹಾಲ್ ಸಾಕು. ನೆಲ ಕಲ್ಲಿನದಾದರೆ ಮೊಣಕಾಲು ಹೋಗುತ್ತದೆ, ಜಮಖಾನ ಹಾಸಿದರೆ ಓಡುವಾಗ ಜಾರುತ್ತದೆ. ಜಮಖಾನದ ಅಂಚಿಗೆ ಸುತ್ತಲೂ ಅಗಲದ ಟೇಪ್ ಹಚ್ಚಿ. ನಮ್ಮವರು ಚಪ್ಪಲಿ ಬಿಟ್ಟು ರಂಗಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಅವರು ತಾಲೀಮಿನ ಬೂಟು ಹಾಕಿಕೊಂಡು ಬರುತ್ತಾರೆ. ಮೊದಲ ದಿನವೇ ಹೇಳಿದರೆ ಇದು ಒಂದು ನಿಮಿಷದ ವಿಷಯ, ಹೇಳದಿದ್ದರೆ ಹತ್ತು ದಿನದ ಮುನಿಸು. ಅವರ ಕಡೆಯಿಂದಲೂ ಇಂಥವು ಇವೆ. ರಂಗದ ಮೇಲೆ ಸಿಳ್ಳೆ ಹಾಕುವುದು ಅವರಿಗೆ ಅಪಶಕುನ. ಆಟಕ್ಕೆ ಮೊದಲು ‘ಟೊಯ್ ಟೊಯ್ ಟೊಯ್’ ಎಂದು ಹಾರೈಸಿದರೆ ಥ್ಯಾಂಕ್ಸ್ ಅನ್ನಬಾರದು, ಅಂದರೆ ಹಾರೈಕೆ ಕೆಟ್ಟಿತು. ರಂಗಪೂಜೆಯ ಕರ್ಪೂರ ಕಂಡರೆ ಅವರ ಕಣ್ಣು ಮೊದಲು ಬೆಂಕಿ ಆರಿಸುವ ಸಿಲಿಂಡರ್ ಹುಡುಕುತ್ತದೆ. ಒಂದನ್ನು ಎದುರಿಗೇ ಇಡಿ, ಹೇಗೂ ಇರಬೇಕಾದದ್ದೇ.

ಭಾಷೆ

ವೈಮಾರ್‌ನ ನಿರ್ದೇಶಕ ಫ್ರಿಟ್ಸ್ ಬೆನೆವಿಟ್ಸ್ 1970ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಭಾರತಕ್ಕೆ ಬಂದು ಹೋಗಿ, ತಮಗೆ ಬಾರದ ಇಲ್ಲಿನ ಭಾಷೆಗಳಲ್ಲೇ ನಾಟಕ ಮಾಡಿಸಿದರು. ಹಾಗಾಗಿ ಭಾಷೆ ಬಾರದಿರುವುದು ಅಡ್ಡಿಯಲ್ಲ, ಅನುವಾದ ಸರಿಯಾಗಿ ನಡೆಯದಿರುವುದು ಅಡ್ಡಿ. ಜರ್ಮನ್‌ನಿಂದ ಇಂಗ್ಲಿಷ್, ಇಂಗ್ಲಿಷಿನಿಂದ ಕನ್ನಡ ಎಂದು ಎರಡು ಮೆಟ್ಟಿಲು ಹತ್ತಿ ಇಳಿಯುವಾಗ ಮೂರು ಗಂಟೆಯ ಪಾಠದಲ್ಲಿ ಒಂದೂವರೆ ಗಂಟೆಯ ಸರಕು ಮಾತ್ರ ಹಿಡಿಸುತ್ತದೆ. ವೇಳಾಪಟ್ಟಿ ಹಾಕುವಾಗಲೇ ಅರ್ಧ ಕಡಿಮೆ ಮಾಡಿ. ಯಾರೇ ಮಾತಾಡಲಿ, ಎರಡು ವಾಕ್ಯಕ್ಕೆ ಒಮ್ಮೆ ನಿಲ್ಲಬೇಕು. ಅಭ್ಯಾಸ ನಡೆಯುವಾಗ ದುಭಾಷಿ ಬಾಯಿ ತೆರೆಯಬಾರದು, ಮೊದಲು ಮತ್ತು ಆಮೇಲೆ ಮಾತ್ರ. ಇಬ್ಬರು ದುಭಾಷಿಗಳು ಬೇಕೇ ಬೇಕು, ಒಬ್ಬರಾದರೆ ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಬೆಂಗಳೂರಿನ ದುಭಾಷಿಗೆ ಬಳ್ಳಾರಿ ಮಾತು ಹಿಡಿಯುವುದಿಲ್ಲ, ಹಿರಿಯ ಕಲಾವಿದರಲ್ಲಿ ಕೆಲವರು ನಡುನಡುವೆ ತೆಲುಗಿಗೂ ಜಾರುತ್ತಾರೆ. ಒಬ್ಬರಾದರೂ ಈ ಕಡೆಯವರೇ ಇರಲಿ.

ದುಭಾಷಿಗೆ ಮೊದಲೇ ಹೇಳಿಕೊಡಬೇಕಾದ ಎರಡು ಮಾತಿವೆ. ನಮ್ಮ ‘ನೋಡೋಣ್ರಿ’ ಅಂದರೆ ಬಹುಪಾಲು ಆಗುವುದಿಲ್ಲ ಅಂತ. ಅದನ್ನು ‘ಪ್ರಯತ್ನಿಸುತ್ತೇವೆ’ ಎಂದು ಅನುವಾದಿಸಿದರೆ ಅವರು ಕಾಯುತ್ತಾ ಕೂರುತ್ತಾರೆ. ಇನ್ನೊಂದು, ಅವರ ಟೀಕೆ. ತಾಲೀಮು ಮುಗಿದ ಕೂಡಲೇ ಸುತ್ತ ಕೂತು ‘ಇದು ಕೂಡಿಬರಲಿಲ್ಲ’ ಎಂದು ಮುಖಕ್ಕೇ ಹೇಳುವುದು ಅಲ್ಲಿನ ರೂಢಿ, ಅದರಲ್ಲಿ ಕೋಪವಿಲ್ಲ. ಅದನ್ನೇ ಶಿಷ್ಯರ ಎದುರಿಗೆ ಎಪ್ಪತ್ತರ ಮಾಸ್ತರರಿಗೆ ಹೇಳಿದರೆ ಅವರು ಮರುದಿನ ಬರುವುದಿಲ್ಲ. ಹಿರಿಯರ ಬಗೆಗಿನ ಮಾತು ಪ್ರಶ್ನೆಯಾಗಿ ಬರಲಿ ಎಂದು ಅತಿಥಿಗಳಿಗೆ ತಿಳಿಸಿ. ಅವರು ತಮ್ಮಲ್ಲಿ ಹೆಸರು ಹಿಡಿದೇ ಕೂಗುತ್ತಾರೆ. ‘ಮಾಸ್ತರ್’, ‘ಅಕ್ಕ’, ‘ಅಣ್ಣ’ ಈ ಮೂರು ಪದ ಬಂದ ದಿನವೇ ಕಲಿಸಿಬಿಡಿ.

ಪ್ರದರ್ಶನಕ್ಕೆ ಪರದೆಯ ಮೇಲೆ ಅನುವಾದ ಹಾಕುವುದಾದರೆ ಸ್ಲೈಡಿಗೆ ಎರಡೇ ಸಾಲು. ಮಾತಿನ ಅನುವಾದ ಬೇಡ, ಸಾರ ಸಾಕು. ಇಲ್ಲಿ ಪ್ರತಿಸಲವೂ ಕೈ ಕೊಡುವುದು ಫಾಂಟ್. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಅತಿಥಿಗಳ ಲ್ಯಾಪ್‌ಟಾಪಿನಲ್ಲಿ ಗೀಚುಗೀಚಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ, ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ.

ಏನು ಆಡಿಸಬೇಕು

ಉಪನ್ಯಾಸ ಕಡಿಮೆ ಮಾಡಿ, ಕೊಡು-ಕೊಳ್ಳುವುದನ್ನು ದೇಹದ ಮೇಲೆ ನಡೆಸಿ. ದೊಡ್ಡಾಟ ಎಂಬ ಬಯಲಾಟದಲ್ಲಿ ಪಾತ್ರಗಳನ್ನು ಮಾತಾಡಿಸುವ ಸಾರಥಿ ಇದಕ್ಕೆ ತುಂಬ ಒದಗುತ್ತಾನೆ. ಪಾತ್ರ ಕುಣಿಯುತ್ತಾ ಬಂದು ನಿಲ್ಲುತ್ತದೆ, ಸಾರಥಿ ‘ತಾವು ದಾರು?’ ಎಂದು ಕೇಳುತ್ತಾನೆ, ‘ಭಳಿರೇ ಸಾರಥಿ’ ಎಂದು ಪಾತ್ರ ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ. ಜರ್ಮನ್ ನಟನೊಬ್ಬನನ್ನು ಈ ಪ್ರವೇಶಕ್ಕೆ ನಿಲ್ಲಿಸಿ. ಮದ್ದಳೆ, ತಾಳ, ಹಾರ್ಮೋನಿಯಂ ಇರಲಿ, ರೆಕಾರ್ಡ್ ಬೇಡ. ಸಾರಥಿ ಕನ್ನಡದಲ್ಲೇ ಕೇಳಲಿ, ನಟ ಜರ್ಮನ್‌ನಲ್ಲೇ ಉತ್ತರಿಸಲಿ, ದುಭಾಷಿ ಹೊರಗಿರಲಿ. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಎಡವುವುದು ಎಲ್ಲಿ ಗೊತ್ತೇ? ಅತಿಥಿ ಕಾಲು ಕಲಿಯಲು ನೋಡುತ್ತಾ ಉಸಿರು ಬಿಡುವುದನ್ನು ಮರೆಯುತ್ತಾನೆ, ಮಾತು ಬರುವ ಹೊತ್ತಿಗೆ ದಮ್ಮು ಇರುವುದಿಲ್ಲ. ಗೆಜ್ಜೆ ಬಿಚ್ಚಿಸಿ, ಹೆಜ್ಜೆ ಅರ್ಧಕ್ಕಿಳಿಸಿ, ಮಾತಿನಿಂದ ಶುರು ಮಾಡಿಸಿ. ಮರುದಿನ ತಿರುಗಾಮುರುಗಾ. ನಮ್ಮ ನಟ ಕುರ್ಚಿಯ ಮೇಲೆ ಕೂತು, ಕೈ ಆಡಿಸದೆ, ಮೂರು ಸಾಲನ್ನು ಎದುರಿನವನಿಗೆ ಮಾತ್ರ ಕೇಳುವಂತೆ ಹೇಳಬೇಕು. ಬಯಲಿನಲ್ಲಿ ಮೈಕಿಲ್ಲದೆ ಸಾವಿರ ಮಂದಿಗೆ ಕೇಳಿಸುವ ಗಂಟಲಿಗೆ ಇದು ಕುಣಿತಕ್ಕಿಂತ ಕಷ್ಟ.

ಸಾರಥಿಯನ್ನು ಕಂಡ ಕೂಡಲೇ ಅತಿಥಿಗಳು ‘ಬ್ರೆಕ್ಟ್’ ಅನ್ನುತ್ತಾರೆ. ಸಹಜವೇ, ನಟ ಪಾತ್ರದಿಂದ ಹೊರಗೆ ನಿಂತು ಅದನ್ನು ತೋರಿಸಬೇಕು ಎಂದ ಜರ್ಮನ್ ನಾಟಕಕಾರ ಬ್ರೆಕ್ಟ್ ತಾನೇ 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನ ಆಟ ನೋಡಿ ತನ್ನ ವಿಚಾರ ಬೆಳೆಸಿದವನು. ಆದರೆ ಆ ಮಾತು ಹತ್ತು ನಿಮಿಷಕ್ಕೆ ಮುಗಿಯಲಿ. ಇಲ್ಲದಿದ್ದರೆ ನಮ್ಮ ಆಟ ಅವರ ಪುಸ್ತಕಕ್ಕೊಂದು ಉದಾಹರಣೆಯಾಗಿ ಉಳಿಯುತ್ತದೆ. ಅದರ ಬದಲು ಪ್ರಾಂಪ್ಟರ್ ವಿಷಯ ಎತ್ತಿ. ಕಂಪನಿ ನಾಟಕದಲ್ಲಿ ಸೈಡ್‌ವಿಂಗಿನಿಂದ ಮಾತು ಕೊಡುವವನನ್ನು ನಾವು ಹಳೇ ಕಾಲದ ಕೊರತೆ ಎಂದು ಮುಚ್ಚಿಡುತ್ತೇವೆ. ಜರ್ಮನಿಯ ಸಂಬಳದ ರಂಗಮಂದಿರಗಳಲ್ಲಿ ಅದು ಇವತ್ತಿಗೂ ಒಂದು ಹುದ್ದೆ.

ತೊಗಲುಗೊಂಬೆಗೆ ಒಂದು ಇಡೀ ದಿನ ಬಿಡಿ. ಬಳ್ಳಾರಿ ದಿವಂಗತ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಅವರ ಊರು, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಆರಡಿ ಅಗಲದ ಬಿಳಿ ಪಂಚೆಯನ್ನು ನಾಲ್ಕೂ ಕಡೆ ಬಿಗಿದು ಕಟ್ಟಿ, ಸುಕ್ಕು ಇದ್ದರೆ ಗೊಂಬೆಯ ಮುಖ ಮುರಿದು ಕಾಣುತ್ತದೆ. ದೀಪಕ್ಕೆ ಒಂದೇ ಬಲ್ಬು. ಸಾಲು ಎಲ್‌ಇಡಿ ಹಾಕಿದರೆ ಬೆಳಕು ಹತ್ತಾರು ಕಡೆಯಿಂದ ಬಿದ್ದು ನೆರಳಿನ ಅಂಚು ಎರಡಾಗಿ, ಮೂರಾಗಿ ಮಸುಕಾಗುತ್ತದೆ. ಗೊಂಬೆ ಬಟ್ಟೆಗೆ ತಾಗಿದ್ದರೆ ಬಣ್ಣ ಹೊಳೆಯುತ್ತದೆ, ನಾಲ್ಕು ಬೆರಳು ಹಿಂದೆ ಸರಿದರೂ ಕದಡುತ್ತದೆ. ಅತಿಥಿಗಳ ಕೈ ಸೋಲುವುದು ಇಲ್ಲೇ, ತೋಳು ದಣಿದು ಗೊಂಬೆ ಹಿಂದಕ್ಕೆ ವಾಲುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಎಲ್ಲರೂ ಪರದೆಯ ಹಿಂದೆಯೇ ಕೂರಲು ಹಾತೊರೆಯುತ್ತಾರೆ, ಅರ್ಧ ಆಟ ಮುಂದೆ, ಅರ್ಧ ಹಿಂದೆ ಎಂದು ಹಂಚಿ. ಕೊನೆಗೆ ಕೊಳ್ಳುವ ಮಾತು ಬರುತ್ತದೆ. ನೂರು ವರ್ಷ ದಾಟಿದ ಗೊಂಬೆಯನ್ನು 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ದೇಶದಾಚೆ ಒಯ್ಯುವಂತಿಲ್ಲ, ಜಿಂಕೆಯ ತೊಗಲಿನದನ್ನು ಮಾರುವಂತೆಯೇ ಇಲ್ಲ. ಹೊಸದಾಗಿ ಆಡಿನ ತೊಗಲಲ್ಲಿ ಮಾಡಿದ ಗೊಂಬೆ, ಕಲಾವಿದರ ಸಹಿಯ ರಸೀದಿ ಎರಡೂ ಇರಲಿ.

ಲೈಟು

ಚುಟುಕಾಗಿ: ಒಂದು ಸಾವಿರ ವಾಟಿನ ಹನ್ನೆರಡು ಪಾರ್ ಲೈಟ್ (ರಂಗದ ದೀಪ) ಕೇಳಿದರೆ ಹನ್ನೆರಡು ಕಿಲೋವಾಟ್. ಒಂದೇ ಫೇಸ್‌ನಲ್ಲಿ ಅದು 52 ಆಂಪಿಯರ್, ವೈರು ಕಾಯುತ್ತದೆ. ಫೇಸಿಗೆ ನಾಲ್ಕರಂತೆ ಹಂಚಿದರೆ 17-18 ಆಂಪಿಯರ್‌ಗೆ ಇಳಿಯುತ್ತದೆ. ವೋಲ್ಟೇಜ್ ಎರಡೂ ದೇಶದಲ್ಲಿ 230, ಪಿನ್ನು ಮಾತ್ರ ಬೇರೆ. ಅವರ ಸಪೂರ ಪಿನ್ನು ನಮ್ಮ ಸಾಕೆಟ್ಟಿನಲ್ಲಿ ಸಡಿಲ ಕೂತು ಕಿಡಿ ಹಾರಿಸುತ್ತದೆ, ಅಡಾಪ್ಟರ್ ತರಿಸಿಡಿ.

ಅನಿಸಿಕೆ ಬರೆದಿಡುವುದು

ಸಮಾರೋಪದ ವೇದಿಕೆಯಲ್ಲಿ ಅನಿಸಿಕೆ ಕೇಳಬೇಡಿ, ಅಲ್ಲಿ ಬರುವುದು ವಂದನಾರ್ಪಣೆ. ಪ್ರತಿ ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ, ಫೋನಿನಲ್ಲಿ ಧ್ವನಿ ಮುದ್ರಣ, ಅವರವರ ಮಾತಿನಲ್ಲಿ. ಬರೆಯಿರಿ ಅಂದರೆ ಮಾಸ್ತರು ಗ್ರಾಂಥಿಕಕ್ಕೆ ಹೊರಳಿಬಿಡುತ್ತಾರೆ. ಮೂರೇ ಪ್ರಶ್ನೆ: ಇವತ್ತು ಎಲ್ಲಿ ಎಡವಿದ್ರಿ? ಅವರು ಮಾಡಿದ್ದರಾಗ ಯಾವುದು ನಮಗ ಬ್ಯಾಡ? ನಾಳೆ ಯಾವುದನ್ನ ಮತ್ತ ಮಾಡ್ತೀರಿ? ‘ಬ್ಯಾಡ’ದ ಪ್ರಶ್ನೆಗೆ ಮೊದಲ ಎರಡು ದಿನ ಯಾರೂ ಉತ್ತರಿಸುವುದಿಲ್ಲ. ಮೂರನೇ ದಿನ ಒಬ್ಬರು ಬಾಯಿ ಬಿಟ್ಟರೆ ಉಳಿದವರೂ ಬಿಡುತ್ತಾರೆ. ಸಂಘದ ಅಧ್ಯಕ್ಷರು ಆ ಕೋಣೆಯಲ್ಲಿ ಇರಬಾರದು. ಕಲಾವಿದೆಯರನ್ನು ಬೇರೆಯಾಗಿ, ಹೆಣ್ಣುಮಗಳೊಬ್ಬಳೇ ಕೇಳಲಿ. ‘ಚಲೋ ಇತ್ತು’ ಎಂಬ ಉತ್ತರ ಬಂದರೆ ‘ಎದ್ದು ಮಾಡಿ ತೋರಸ್ರಿ’ ಅನ್ನಿ, ಮಾತಿನಲ್ಲಿ ಬಾರದ್ದು ಕೈಕಾಲಿನಲ್ಲಿ ಬರುತ್ತದೆ. ಅದರ ವಿಡಿಯೊ ಇಟ್ಟುಕೊಳ್ಳಲು ಅವರ ಒಪ್ಪಿಗೆ ಪಡೆಯಿರಿ.

ಇದೇ ಮೂರು ಪ್ರಶ್ನೆಗಳನ್ನು ಅತಿಥಿಗಳಿಗೂ ಕೇಳಿ, ಎರಡೂ ಕಡೆಯ ಉತ್ತರಗಳನ್ನು ದುಭಾಷಿಯಿಂದ ಎದುರುಬದುರು ಬರೆಸಿ. ಒಂದೆರಡು ತಿಂಗಳಾದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ ಹಳ್ಳಿಗಳಲ್ಲಿ ಬಯಲಾಟಗಳು ನಡೆಯುವಾಗ, ಕಮ್ಮಟಕ್ಕೆ ಬಂದಿದ್ದ ಕಲಾವಿದರ ಆಟಕ್ಕೇ ಹೋಗಿ ರಂಗದ ಅಟ್ಟದ ಪಕ್ಕ ಕೂರಿ. ಸಾರಥಿ ಎಲ್ಲಾದರೂ ಒಂದು ಸಾಲನ್ನು ಕೂಗದೆ ಮೆಲ್ಲಗೆ ಹೇಳಿದನೇ, ಆಗ ಜನ ಮುಂದಕ್ಕೆ ಬಾಗಿದರೇ ಎಂದು ಗುರುತು ಹಾಕಿಕೊಳ್ಳಿ.