ಔಷಧಿ ಬಿಟ್ಟ ಮೇಲೆ ನಿಂತ ಡೇರೆಯ ನಂಜು

"ಔಷಧಿ ಹೊಡೀದೆ ಹೇನು ಹೋಗಲ್ಲ, ಹೇನು ಹೋಗದೆ ಮೊಸಾಯಿಕ್ ನಿಲ್ಲಲ್ಲ." ಡೇರೆ ಹೂ (ಡೇಲಿಯಾ) ಬೆಳೆಯುವ ಗೆಳೆಯರೆಲ್ಲ ನನಗೆ ಹೇಳಿದ್ದು ಇದನ್ನೇ. ಹೇನು ಎಂದರೆ ಗಿಡದ ರಸ ಹೀರುವ ಸಸ್ಯಹೇನು, ಮೊಸಾಯಿಕ್ ಎಂದರೆ ಅದು ಹರಡುವ, ಎಲೆಗೆ ಪಟ್ಟೆ ಬರಿಸಿ ಗಿಡ ಕುಳ್ಳಾಗಿಸುವ ವೈರಸ್ ನಂಜು. ನಾನು ಕೀಟನಾಶಕ ಮುಟ್ಟದೆ ಎರಡು ಹಂಗಾಮು ಕಳೆದವು. ಮೊದಲು ಅರ್ಧಕ್ಕರ್ಧ ಗಿಡ ಕುಳ್ಳಾಗುತ್ತಿದ್ದ ಮಡಿಯಲ್ಲಿ ಕಳೆದ ಸಲ ಕಿತ್ತದ್ದು ನೂರಕ್ಕೆ ನಾಲ್ಕೋ ಐದೋ. ಅದೇ ಗೆಳೆಯರು ಈಗ ಗೆಡ್ಡೆ ಕೇಳಿಕೊಂಡು ಬರುತ್ತಿದ್ದಾರೆ.

ಅದಕ್ಕೂ ಮೊದಲು ಸುರಿದ ದುಡ್ಡು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ವಾರಕ್ಕೊಮ್ಮೆ ಗಿಡದೊಳಗೆಲ್ಲ ಹರಡುವ ಅಂತರ್ವ್ಯಾಪಿ ಔಷಧಿ, ನಡುವೆ ಬೇವಿನೆಣ್ಣೆ, ಕೊನೆಗೆ 'ವೈರಸ್ಸಿಗೇ' ಎಂದು ಮಾರುವ ಬಾಟಲಿ. ಅಷ್ಟು ದುಡ್ಡಿನಲ್ಲಿ ಮಡಿಗೆಲ್ಲ ಹೊಸ ಗೆಡ್ಡೆಯೇ ಬರುತ್ತಿತ್ತು. ಹೇನು ಸತ್ತು ಎಲೆಗೆ ಅಂಟಿಕೊಂಡಿರುತ್ತಿದ್ದವು, ಮೇಲಿನ ಚಿಗುರು ಮಾತ್ರ ಮತ್ತೆ ಪಟ್ಟೆಪಟ್ಟೆ. ಸೌತೆ ಮೊಸಾಯಿಕ್‌ನಂಥ ವೈರಸ್ ದಾಟುವುದಕ್ಕೆ ರೆಕ್ಕೆಹೇನು (ರೆಕ್ಕೆ ಬಂದ ಸಸ್ಯಹೇನು) ಒಮ್ಮೆ ಸೂಜಿಬಾಯಿ ಚುಚ್ಚಿ ರುಚಿ ನೋಡಿದರೆ ಸಾಕು, ಕೆಲವೇ ಸೆಕೆಂಡು. ವಿಷ ಏರುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಕೀಳುವುದೇ. ಮೂರನೇ ಜೋಡಿ ಎಲೆ ಬಿಚ್ಚಿದಾಗಿನಿಂದ ಶುರು. ನಂಜು ಹಿಡಿದಿದ್ದರೆ, ಬೆಳಗಿನ ಬೆಳಕಿಗೆ ಎಲೆ ಎತ್ತಿ ಹಿಡಿದಾಗ ನರದ ಎರಡೂ ಬದಿಗೆ ತಿಳಿಹಸಿರು ಅಂಚು ಕಾಣುತ್ತದೆ. ಕೆಳಗಿನ ಹಳೆಯ ಎಲೆಯಲ್ಲಿ ನರಗಳ ನಡುವೆ ಹಳದಿಯಾದರೆ ಅದು ಬಹುಮಟ್ಟಿಗೆ ಮೆಗ್ನೀಸಿಯಂ ಕೊರತೆ, ಕೀಳಬೇಡಿ. ಅನುಮಾನ ಬಂದದ್ದಕ್ಕೆ ಕೆಂಪು ದಾರ ಕಟ್ಟಿ ಒಂದು ವಾರ ಬಿಡುತ್ತೇನೆ. ಬಿಸಿಲು ಜೋರಾದರೆ ಗುರುತು ಮರೆಯಾಗಿಬಿಡುತ್ತದೆ, ಆದ್ದರಿಂದ ತಂಪಿನಲ್ಲೇ ಪತ್ತೆ ಮಾಡಬೇಕು. ನಂಜು ಖಚಿತವಾದ ಗಿಡ ಗೆಡ್ಡೆ ಸಮೇತ ಹೋಗಬೇಕು. ನನ್ನ ನೆಚ್ಚಿನ ಕಡುಗೆಂಪು ತಳಿ ಹೀಗೇ ಹೆಚ್ಚುಕಡಿಮೆ ಪೂರ್ತಿ ಹೋಯಿತು. 'ಒಂದು ಹೂವಾದರೂ ಬಿಡಲಿ' ಎಂದು ಉಳಿಸಿಕೊಂಡವರ ಮಡಿ ನೋಡಿದ್ದೇನೆ, ಅದಕ್ಕೇ ಕಣ್ಣು ಮುಚ್ಚಿ ಕಿತ್ತೆ.

ನಾಟಿಗೆ ಮೊದಲು ಬೆಳ್ಳಿಬಣ್ಣದ ಹೊದಿಕೆ ಹಾಸುತ್ತೇನೆ. ಆಕಾಶದ ಬೆಳಕು ಕೆಳಗಿನಿಂದ ಹೊಡೆದರೆ ರೆಕ್ಕೆಹೇನಿಗೆ ಇಳಿಯುವ ದಿಕ್ಕು ತಪ್ಪುತ್ತದೆ. ಗಿಡ ಹರಡಿ ಹೊದಿಕೆ ಮುಚ್ಚಿದ ಮೇಲೆ ಅದರಿಂದ ಲಾಭವಿಲ್ಲ. ಆಗ ನಂಜು ದಾಟದಂತೆ ಬಿಳಿ ಖನಿಜ ತೈಲ, ನೀರಿನಲ್ಲಿ ಸುಮಾರು ನೂರಕ್ಕೆ ಒಂದರಂತೆ, ಸಂಜೆ ಹೊತ್ತು ಎಲೆಯಡಿಗೆ. ವಾರಕ್ಕೊಮ್ಮೆ ತಪ್ಪಿಸುವಂತಿಲ್ಲ, ಹೊಸ ಚಿಗುರಿಗೆ ಎಣ್ಣೆ ಇರುವುದಿಲ್ಲವಲ್ಲ. ಎಲೆ ಸುಡದಂತೆ ಎಣ್ಣೆಗೆ ಏನು ಬೆರೆಸುತ್ತೇನೆ ಎನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಪಕ್ಕದಲ್ಲೇ ಪೆಟೂನಿಯಾ ಪ್ರಯೋಗವೂ ನಡೆದಿತ್ತು. ಅಲ್ಲಿ ತಂಬಾಕು ಮೊಸಾಯಿಕ್ ಎಂಬ ಬೇರೆ ವೈರಸ್, ಹರಡುವುದು ಕೈಯಿಂದ, ಕತ್ತರಿಯಿಂದ. ಕತ್ತರಿ ಸ್ಪಿರಿಟ್ಟಿನಲ್ಲಿ ಒರೆಸಿ ಏನೂ ಪ್ರಯೋಜನವಾಗಲಿಲ್ಲ. ಕೊಬ್ಬು ತೆಗೆದ ಹಾಲಿನ ಪುಡಿಯನ್ನು ಗಟ್ಟಿಯಾಗಿ ಕಲಸಿ, ಗಿಡದಿಂದ ಗಿಡಕ್ಕೆ ಹೋಗುವಾಗ ಕೈ, ಕತ್ತರಿ ಎರಡನ್ನೂ ಅದ್ದತೊಡಗಿದ ಮೇಲೆ ಹಬ್ಬುವುದು ನಿಂತಿತು. ಬೀಡಿ ಸಿಗರೇಟು ಸೇದುವವರು ಸೋಪಿನಲ್ಲಿ ಕೈ ತೊಳೆಯದೆ ಆ ಸಾಲಿಗೆ ಬರುವಂತಿಲ್ಲ.

ಕೆಂಪು ತಳಿಯ ಆಸೆ ಬಿಡಲಿಲ್ಲ. 1952ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಮೊರೆಲ್ ಮತ್ತು ಮಾರ್ಟಿನ್ ನಂಜು ಹಿಡಿದ ಡೇರೆಯ ಕುಡಿಯ ತುದಿಯಿಂದಲೇ ಶುದ್ಧ ಗಿಡ ಎಬ್ಬಿಸಿದ್ದರು. ಅದು ಲ್ಯಾಬಿನ ಕೆಲಸ, ನನ್ನದು ಬ್ಲೇಡು ಮತ್ತು ಭೂತಗನ್ನಡಿ. ಉಳಿದ ಒಂದು ಗೆಡ್ಡೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಚಿಗುರಿಸಿ ಭತ್ತದ ಕಾಳಿನಷ್ಟು ತುದಿ ಕತ್ತರಿಸಿ ಊರಿದೆ. ಬಹುಪಾಲು ಕೊಳೆತವು. ಬದುಕಿದ ಒಂದೆರಡು ಗಿಡ ಬಲೆಯೊಳಗೆ ಬೇರೆಯಾಗಿವೆ, ಈವರೆಗೆ ಪಟ್ಟೆ ಕಂಡಿಲ್ಲ. ಅದರ ಗೆಡ್ಡೆ ಸದ್ಯ ಯಾರಿಗೂ ಕೊಡುವುದಿಲ್ಲ.

ಎಲೆಯಲ್ಲಿ ಹಳದಿ ಉಂಗುರ ಕಂಡರೆ ಲೆಕ್ಕ ಬೇರೆ. ಅದು ಇನ್ನೊಂದು ವೈರಸ್, ತರುವುದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಮರಿಯಾಗಿದ್ದಾಗ ವೈರಸ್ ನುಂಗಿದ ಥ್ರಿಪ್ಸ್ ಸಾಯುವತನಕ ಹಂಚುತ್ತಲೇ ಇರುತ್ತದೆ, ಎಣ್ಣೆಯನ್ನು ನಂಬಿ ಕೂರಬೇಡಿ. ಅಂಥ ಗಿಡ ಅಲ್ಲಾಡಿಸಿದರೆ ಪಕ್ಕದ ಸಾಲಿಗೆ ಹಾರುತ್ತವೆ. ಮೊದಲು ಪ್ಲಾಸ್ಟಿಕ್ ಚೀಲ ಹಾಕಿ ಬುಡದಲ್ಲಿ ಬಾಯಿ ಕಟ್ಟಿ, ಆಮೇಲೆ ಕೀಳಿ.