ಟಿವಿ ಕಡಿಮೆ ಮಾಡಬೇಕೇ? ಯಾರೂ ನೋಡದ ಟಿವಿಯಿಂದ ಶುರುಮಾಡಿ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಟಿವಿಯ ಜಾಗ ಚಾವಡಿ, ಅಂದರೆ ಮನೆಯ ಹಾಲ್. ಬೆಳಿಗ್ಗೆ ಭಕ್ತಿಗೀತೆಗೆಂದು ಹಾಕಿದ್ದು ವಾರ್ತೆಗೆ, ಅಲ್ಲಿಂದ ಅಡುಗೆ ಕಾರ್ಯಕ್ರಮಕ್ಕೆ, ಮಧ್ಯಾಹ್ನ ಧಾರಾವಾಹಿಯ ಮರುಪ್ರಸಾರಕ್ಕೆ ಜಾರುತ್ತ ರಾತ್ರಿಯವರೆಗೆ ಓಡುತ್ತದೆ. ‘ನಾಳೆಯಿಂದ ಟಿವಿ ಬಂದ್’ ಎಂಬ ಶಪಥ ನಿಲ್ಲದಿರುವುದಕ್ಕೆ ಕಾರಣ ಸರಳ: ಅಜ್ಜಿ ಕಾದು ಕುಳಿತು ನೋಡುವ ಅರ್ಧ ಗಂಟೆಗೂ ಖಾಲಿ ಚಾವಡಿಯಲ್ಲಿ ಓಡುವ ನಾಲ್ಕು ಗಂಟೆಗೂ ಅದು ಒಂದೇ ಕತ್ತರಿ ಹಾಕುತ್ತದೆ. ಅಜ್ಜಿ ಮುನಿಸಿಕೊಳ್ಳುತ್ತಾರೆ, ಮೂರನೇ ದಿನ ಎಲ್ಲ ಮೊದಲಿನಂತೆ. ಎರಡನ್ನೂ ಬೇರೆಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲ ವಾರ: ಬರೀ ಲೆಕ್ಕ

ಒಂದು ದೊಡ್ಡ ಹಾಳೆಯಲ್ಲಿ ದಿನಕ್ಕೊಂದು ಸಾಲು ಹಾಕಿ. ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಅರ್ಧ ಗಂಟೆಗೊಂದರಂತೆ ಸಾಲಿಗೆ 34 ಮನೆ. ಟಿವಿಯ ಪಕ್ಕ ಅಂಟಿಸಿ, ಪೆನ್ಸಿಲನ್ನು ದಾರಕ್ಕೆ ಕಟ್ಟಿ ತೂಗುಹಾಕಿ. ಪೆನ್ಸಿಲ್ ಹುಡುಕಬೇಕಾಗಿ ಬಂದರೆ ಯಾರೂ ಗುರುತು ಹಾಕುವುದಿಲ್ಲ.

ಗುರುತು ಮೂರೇ. ಕುಳಿತು ನೋಡಿದ್ದಕ್ಕೆ ‘ನೋ’. ಸುಮ್ಮನೆ ಓಡಿದ್ದಕ್ಕೆ ‘ಓ’. ಕೈಯಲ್ಲಿ ಕೆಲಸವಿದ್ದು ಕಿವಿಗೆ ಮಾತ್ರ ಬೇಕಾಗಿದ್ದರೆ ‘ಕಿ’. ನಮ್ಮ ಜಿಲ್ಲೆಗಳಲ್ಲಿ ಈ ಮೂರನೆಯದನ್ನು ಮರೆಯುವಂತಿಲ್ಲ. ಮಧ್ಯಾಹ್ನ ಸೂಪು (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುವವರಿಗೆ, ಮಲ್ಲಿಗೆ ಕಟ್ಟುವವರಿಗೆ ಟಿವಿ ಎಂದರೆ ಮಾತಿನ ಜೊತೆ. ಪರದೆಯತ್ತ ತಲೆ ಎತ್ತುವುದೇ ಅಪರೂಪ.

ಈ ವಾರ ಏನನ್ನೂ ಕಡಿಮೆ ಮಾಡಬೇಡಿ. ಹಾಳೆಗೆ ಹೆದರಿ ಟಿವಿ ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಶನಿವಾರ, ಭಾನುವಾರ ಎರಡೂ ಸೇರಿರಲಿ. ಮದುವೆಯೋ ದೇವಸ್ಥಾನದ ಬ್ರಹ್ಮಕಲಶವೋ ಇರುವ ವಾರ ಬೇಡ.

‘ಓ’ಗೆ ಮದ್ದು ಗೋಡೆಯ ಸ್ವಿಚ್ಚಿನಲ್ಲಿದೆ

ರಿಮೋಟಿನಲ್ಲಿ ಆರಿಸಿದರೆ ಟಿವಿ ಮಲಗುತ್ತದೆ, ಆದರೆ ಹಲವು ಸೆಟ್‌ಟಾಪ್ ಬಾಕ್ಸ್‌ಗಳು ಎಚ್ಚರವಾಗಿಯೇ ಇರುತ್ತವೆ. ಬಾಕ್ಸ್ 10 ವಾಟ್ ಎಳೆಯುತ್ತಿದ್ದರೆ 24 ಗಂಟೆಯಂತೆ ತಿಂಗಳಿಗೆ 7.2 ಯೂನಿಟ್. 50 ವಾಟಿನ 32 ಇಂಚಿನ ಎಲ್‌ಇಡಿ ಟಿವಿಯನ್ನು ದಿನಕ್ಕೆ 5 ಗಂಟೆ ನೋಡಿದರೂ ತಿಂಗಳಿಗೆ 7.5 ಯೂನಿಟ್. ಹೆಚ್ಚುಕಡಿಮೆ ಸಮ!

ಟಿವಿ, ಬಾಕ್ಸ್ ಎರಡನ್ನೂ ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ನೋಡಿ ಮುಗಿದ ಕೂಡಲೇ ಅದನ್ನೇ ಆರಿಸಿ. ಮತ್ತೆ ಹಾಕಿದಾಗ ಬಾಕ್ಸ್ ಎದ್ದು ಚಾನೆಲ್ ಹಿಡಿಯಲು ಒಂದೆರಡು ನಿಮಿಷ ಬೇಕು. ಈ ತಡವೇ ಲಾಭ: ಸುಮ್ಮನೆ ರಿಮೋಟ್ ಒತ್ತುವ ಕೈ ಅಷ್ಟು ಹೊತ್ತು ಕಾಯುವುದಿಲ್ಲ. ರೆಕಾರ್ಡಿಂಗ್ ಇರುವ ಬಾಕ್ಸ್ ಆದರೆ ಮಾತ್ರ ಎಚ್ಚರ, ಕರೆಂಟ್ ಇಲ್ಲದಾಗ ರೆಕಾರ್ಡ್ ಆಗದು. ಸ್ಲೀಪ್ ಟೈಮರ್ ನಂಬಿ ನಿದ್ದೆ ಹೋಗುವವರು ಗಮನಿಸಬೇಕಾದದ್ದು, ಅದು ಟಿವಿಯನ್ನಷ್ಟೇ ಆರಿಸುತ್ತದೆ, ಬೇರೆಯಾಗಿರುವ ಬಾಕ್ಸನ್ನಲ್ಲ.

ಇನ್ನೊಂದು ಉಪಾಯವನ್ನು ಕರಾವಳಿಯವರು ಖಂಡಿತ ಮಾಡಬಹುದು. ಮಳೆಗಾಲದ ಪವರ್ ಕಟ್‌ಗೆಂದು ಹಾಕಿಸಿದ ಇನ್ವರ್ಟರ್ ಲೈನಿನಲ್ಲಿ ಹಲವು ಮನೆಗಳಲ್ಲಿ ಟಿವಿಯ ಪಾಯಿಂಟೂ ಸೇರಿರುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಅದೊಂದನ್ನು ನೇರ ಮೆಸ್ಕಾಂ ಲೈನಿಗೆ ಬದಲಿಸಲು ಹೇಳಿ. ಕರೆಂಟ್ ಹೋದಾಗ ಫ್ಯಾನು, ದೀಪ ಉಳಿಯುತ್ತವೆ, ಟಿವಿ ಉಳಿಯುವುದಿಲ್ಲ. ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಮಲಗುವ ಕೋಣೆಯಲ್ಲಿ ಎರಡನೇ ಟಿವಿ ಇದ್ದರೆ ಚರ್ಚೆ ಬೇಡ, ತೆಗೆಯಿರಿ.

‘ಕಿ’ಗೆ ರೇಡಿಯೊ

ಕಿವಿಗೆ ಬೇಕಾದದ್ದನ್ನು ಕಿತ್ತುಕೊಳ್ಳಬಾರದು, ಬದಲಿಸಬೇಕು. ಮಂಗಳೂರು ಆಕಾಶವಾಣಿ 100.3 ಎಫ್‌ಎಂ ಇದೆ. ಮಂಗಳೂರು ಪೇಟೆಯ ಸುತ್ತ ರೇಡಿಯೊ ಸಾರಂಗ್ 107.8, ಮಣಿಪಾಲದ ಸುತ್ತ ರೇಡಿಯೊ ಮಣಿಪಾಲ್ 90.4 ಸಿಗುತ್ತವೆ. ಕೊನೆಯ ಎರಡು ಸಮುದಾಯ ಬಾನುಲಿಗಳು, ದೂರ ಹೋಗುವುದಿಲ್ಲ. ಮನೆಯಲ್ಲಿ ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಫೋನಿನ ಆ್ಯಪ್‌ಗಿಂತ ಒಂದು ಸಣ್ಣ ರೇಡಿಯೊ ಸೆಟ್ ವಾಸಿ. ಫೋನ್ ಕೈಗೆ ಬಂದರೆ ರೇಡಿಯೊ ಹೋಗಿ ರೀಲ್ಸ್ ಬರುತ್ತದೆ, ಬೀಡಿಯ ಲೆಕ್ಕವೂ ತಪ್ಪುತ್ತದೆ.

ಧಾರಾವಾಹಿ ಬಿಡಿಸುವ ಬಗೆ

ಮಧ್ಯದಲ್ಲಿ ಧಾರಾವಾಹಿ ಬಿಡುವುದು ಕಷ್ಟ. ಪ್ರತಿ ಸಂಚಿಕೆಯೂ ನಾಳೆ ಏನಾಗುತ್ತದೋ ಎಂಬಲ್ಲಿಯೇ ನಿಲ್ಲುವಂತೆ ಹೆಣೆದಿರುತ್ತಾರೆ. ಹಾಗಾಗಿ ಬಿಡಿಸಬೇಡಿ, ಮುಗಿಯುವವರೆಗೆ ಕಾಯಿರಿ. ಮುಗಿದ ಧಾರಾವಾಹಿಯ ಜಾಗಕ್ಕೆ ಹೊಸದನ್ನು ತುಂಬಬೇಡಿ. ಹೊಸದರ ಮೊದಲ ಎರಡು ವಾರ ಟಿವಿ ಆರಿದ್ದರೆ ಆ ಪಾತ್ರಗಳ ಪರಿಚಯವೇ ಆಗುವುದಿಲ್ಲ, ಪರಿಚಯವಿಲ್ಲದವರ ಸಂಸಾರದ ಗಲಾಟೆ ಯಾರಿಗೂ ಬೇಡ. ಸಂಜೆಗೆ ನಾಲ್ಕು ನೋಡುವ ಮನೆಯಲ್ಲಿ ಒಂದು ನಿಂತರೆ, ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬರುವುದಾದರೆ, ವಾರಕ್ಕೆ ಎರಡೂವರೆ ಗಂಟೆ ಉಳಿಯಿತು.

ಅಷ್ಟು ಕಾಯಲಾಗದವರು ವಾರಕ್ಕೊಂದು ಸಂಚಿಕೆ ನೋಡಿ, ಕಥೆ ಎಲ್ಲಿಗೂ ಓಡಿಹೋಗಿರುವುದಿಲ್ಲ. ನಿಯಮದ ಪ್ರಕಾರ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು, ಚಾನೆಲ್‌ನ ಸ್ವಂತ ಪ್ರಚಾರ ಹಾಕಬಹುದು. ಹಿಂದಿನ ಸಂಚಿಕೆಯ ತುಣುಕು, ಶೀರ್ಷಿಕೆ ಗೀತೆ ಕಳೆದರೆ ಅರ್ಧ ಗಂಟೆಯಲ್ಲಿ ಕಥೆ ಉಳಿಯುವುದು ಇಪ್ಪತ್ತು ನಿಮಿಷದ ಆಸುಪಾಸು.

ಅಜ್ಜಿಯ ಒಂದು ಧಾರಾವಾಹಿಯನ್ನು ಮುಟ್ಟಬೇಡಿ. ಸಾಧ್ಯವಾದರೆ ಆ ಹೊತ್ತು ಜೊತೆಗೆ ಕುಳಿತುಕೊಳ್ಳಿ. ಹಿರಿಯರಿಗೆ ಟಿವಿ ಜೊತೆಯಾದದ್ದು ಮನೆಯಲ್ಲಿ ಬೇರೆ ಜೊತೆ ಇಲ್ಲದ್ದಕ್ಕೆ.

ಪ್ಯಾಕ್ ಇಳಿಸುವಾಗ

ಹಾಳೆಯಲ್ಲಿ ‘ನೋ’ ಬಿದ್ದ ಹೊತ್ತಿಗೆ ನೋಡಿದ ಚಾನೆಲ್‌ಗಳನ್ನು ಪಟ್ಟಿ ಮಾಡಿ. ಪ್ಯಾಕಿನ ಬದಲು ಬಿಡಿ ಚಾನೆಲ್ ಆರಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಕೇಬಲ್‌ನವರಿಗೆ ಚೀಟಿಯಲ್ಲಿ ಬರೆದುಕೊಡಿ, ಡಿಟಿಎಚ್ ಆದರೆ ಅವರ ಆ್ಯಪ್‌ನಲ್ಲಿಯೇ ಮಾಡಬಹುದು. ಬಿಡಿ ಚಾನೆಲ್ ಹೆಚ್ಚಾದರೆ ಪ್ಯಾಕೇ ಅಗ್ಗವಾಗುವುದುಂಟು, ಕೂಡಿಸಿ ನೋಡಿ. ತಿಂಗಳ ಬಾಡಿಗೆಯೇ ಬೇಡ ಎನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ, ಚಂದನವೂ ಅದರಲ್ಲಿ ಬರುತ್ತದೆ. ಆದರೆ ಕೇಬಲ್ ತೆಗೆಸಿದರೆ ಊರಿನ ನೇಮ (ದೈವದ ಉತ್ಸವ), ಯಕ್ಷಗಾನ ತೋರಿಸುವ ಸ್ಥಳೀಯ ಚಾನೆಲ್‌ಗಳೂ ಹೋಗುತ್ತವೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಆಮೇಲೆ ಬರುವ ಜಗಳ ಅದರದ್ದೇ.

ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ವಿಡಿಯೊ ಮುಗಿದಾಗ ಪರದೆ ಸುಮ್ಮನಿರುತ್ತದೆ. ಮನೆಯಲ್ಲಿ ಬೇರೆ ಬೇರೆ ಖಾತೆಗಳಿದ್ದರೆ ಪ್ರತಿಯೊಂದರಲ್ಲೂ ನೋಡಬೇಕು. ಗೂಗಲ್ ಟಿವಿಯಾದರೆ ಮಕ್ಕಳ ಪ್ರೊಫೈಲ್ ಮಾಡಿ ದಿನದ ಮಿತಿ ಹಾಕಬಹುದು. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ ಹೀಗಿದೆ: 2 ವರ್ಷದೊಳಗೆ ಪರದೆಯೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, 5ರಿಂದ 10ರವರಿಗೆ 2 ಗಂಟೆಗಿಂತ ಕಡಿಮೆ. ಇದರಲ್ಲಿ ಫೋನೂ ಸೇರಿತು. ಪಿನ್ ಹಾಕುವಾಗ ಮಕ್ಕಳು ಹಿಂದೆ ನಿಂತಿರದಂತೆ ನೋಡಿಕೊಳ್ಳಿ.

ಯಾವಾಗ ಶುರುಮಾಡುವುದು?

ಆಟಿಯಲ್ಲಿ (ಜುಲೈ–ಆಗಸ್ಟ್‌ನ ತುಳು ತಿಂಗಳು) ಬೇಡ. ಹೊರಗೆ ಜಡಿಮಳೆ, ಶಾಲೆಗೆ ರಜೆ, ಮಕ್ಕಳು ಮನೆಯೊಳಗೆ. ಮಾರ್ಚ್ ಕೊನೆಯಿಂದ ಮೇವರೆಗೆ ಐಪಿಎಲ್. ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ನೇಮ, ಕೋಲ ಶುರುವಾಗುತ್ತವೆ, ಇವೆಲ್ಲ ನಿಲ್ಲುವ ಮೇ ಕೊನೆಯ ಪತ್ತನಾಜೆಯವರೆಗೆ ಸಂಜೆ ಹೋಗಲಿಕ್ಕೆ ಜಾಗವಿದೆ. ಕಾಲಮಿತಿಯ ಯಕ್ಷಗಾನ ಆಟಗಳು ಮಧ್ಯರಾತ್ರಿಯ ಹೊತ್ತಿಗೆ ಮುಗಿಯುವುದರಿಂದ ಮರುದಿನ ಕೆಲಸಕ್ಕೆ ಹೋಗುವವರಿಗೂ ತೊಂದರೆಯಿಲ್ಲ. ಧಾರಾವಾಹಿಗಳ ಸಂಜೆಯ ಹೊತ್ತೂ ಅದರಲ್ಲೇ ಕಳೆಯುತ್ತದೆ.

ಮಳೆಗಾಲದ ಒಂದು ಎಚ್ಚರಿಕೆ ಉಳಿದಿದೆ. ನೋಡುವುದಿಲ್ಲವೆಂದು ಟಿವಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಒಳಗೆ ಪಸೆ ಹಿಡಿದು ಬೂಸ್ಟು ಬರುತ್ತದೆ. ಹತ್ತಿ ಬಟ್ಟೆ ಹೊದೆಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಬಟ್ಟೆ ತೆಗೆದು ಓಡಿಸಿ. ಆ ಬಿಸಿಗೆ ತೇವ ಆರುತ್ತದೆ. ಮೇ, ಅಕ್ಟೋಬರ್‌ನ ಸಂಜೆ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಮೋಡ ಕಟ್ಟಿದಾಗಲೇ ಪ್ಲಗ್ಗನ್ನೂ ಡಿಶ್ ಅಥವಾ ಕೇಬಲ್ ವಯರನ್ನೂ ಕಳಚಿಡಿ. ಗುಡುಗು ಶುರುವಾದ ಮೇಲೆ ವಯರಿಗೆ ಕೈ ಹಾಕಬೇಡಿ.